ತಂತಿ ಬದಲಿಸಿದ ವಿದ್ಯುತ್ ಗಿಟಾರಿನಲ್ಲಿ ಗರಗರ ಸದ್ದು: ಕಾರಣವೂ ಪರಿಹಾರವೂ

ತಂತಿಯ ಕಂಪನದ ನಿಯಮಗಳನ್ನು ನಮ್ಮ ಕಾಲೇಜುಗಳಲ್ಲಿ ಸೊನೊಮೀಟರಿನ ನೆರವಿನಿಂದ ಕಲಿಸುವುದು ಬಹುಕಾಲದ ರೂಢಿ. ಟೊಳ್ಳಾದ ಒಂದು ಮರದ ಪೆಟ್ಟಿಗೆ, ಅದರ ಮೇಲೆ ಬಿಗಿದ ಒಂದು ತಂತಿ, ಜರುಗಿಸಬಹುದಾದ ಎರಡು ಕುದುರೆಗಳು, ತುದಿಯಲ್ಲಿ ತೂಗುಬಿಟ್ಟ ತೂಕದ ಬಿಲ್ಲೆಗಳು: ಇಷ್ಟರಿಂದಲೇ ತಂತಿಯ ಉದ್ದ, ಬಿಗಿತ, ತೂಕಗಳಿಗೂ ಸ್ವರದ ಆವೃತ್ತಿಗೂ ಇರುವ ಸಂಬಂಧವನ್ನು ವಿದ್ಯಾರ್ಥಿಯು ಕಂಡುಕೊಳ್ಳುತ್ತಾನೆ. ಆದರೆ ಅದೇ ವಿದ್ಯಾರ್ಥಿ ಸಂಜೆ ವಿದ್ಯಾರ್ಥಿನಿಲಯದಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಾಗ, ತಾನು ಹಿಡಿದಿರುವುದೂ ಆರು ತಂತಿಗಳ ಸೊನೊಮೀಟರೇ ಎಂಬುದು ಅವನಿಗೆ ಹೊಳೆಯುವುದು ಅಪರೂಪ.

ಈ ಮಾತು ನಮ್ಮ ಮನಸ್ಸಿಗೆ ಬರಲು ಒಂದು ಸಣ್ಣ ಪ್ರಸಂಗ ಕಾರಣವಾಯಿತು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಇನ್ನು ಮೂರು ದಿನವಿದೆ ಎನ್ನುವಾಗ ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬನು ತನ್ನ ವಿದ್ಯುತ್ ಗಿಟಾರನ್ನು ಪ್ರಯೋಗಶಾಲೆಗೆ ತಂದನು. ಹಿಂದಿನ ದಿನ ಹಳೆಯ ತಂತಿಗಳನ್ನು ತೆಗೆದು ಹೊಸವನ್ನು ಹಾಕಿದ್ದನಂತೆ. ಅಂದಿನಿಂದ ಯಾವ ತಂತಿಯನ್ನು ಮೀಟಿದರೂ ಸ್ವರದ ಜೊತೆಗೆ ಗರಗರ ಎಂಬ ಕರ್ಕಶವಾದ ಸದ್ದು ಏಳುತ್ತಿತ್ತು. ಅಂಗಡಿಯೊಂದರಲ್ಲಿ ವಿಚಾರಿಸಲಾಗಿ, ಮೆಟ್ಟಿಲುಗಳು ಎದ್ದಿವೆ, ಅರದಿಂದ ಉಜ್ಜಿ ತಗ್ಗಿಸಬೇಕು ಎಂದು ಹೇಳಿದ್ದರು. ಹುಡುಗನು ಅರವನ್ನೂ ಕೊಂಡು ತಂದಿದ್ದನು. ಉಜ್ಜುವುದಕ್ಕೆ ಮುನ್ನ ಒಮ್ಮೆ ಕೇಳೋಣವೆಂದು ನಮ್ಮಲ್ಲಿಗೆ ಬಂದದ್ದು ಅವನ ಅದೃಷ್ಟ. ಉಜ್ಜಿದ ಲೋಹವು ಮತ್ತೆ ಬೆಳೆಯುವುದಿಲ್ಲ. ಸ್ಕ್ರೂವನ್ನಾದರೋ ತಿರುಗಿಸಿದಷ್ಟೇ ಹಿಂದಕ್ಕೆ ತಿರುಗಿಸಬಹುದು. ನಿನ್ನೆಯವರೆಗೆ ಚೆನ್ನಾಗಿದ್ದ ಮೆಟ್ಟಿಲುಗಳು ಒಂದೇ ರಾತ್ರಿಯಲ್ಲಿ ಏಳುವುದಾದರೂ ಹೇಗೆ? ಬದಲಾದದ್ದು ತಂತಿ. ಆದುದರಿಂದ ವಿಚಾರವನ್ನು ತಂತಿಯಿಂದಲೇ ಆರಂಭಿಸಬೇಕು. ಈ ವಿಚಾರಸರಣಿಯನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ವಾದ್ಯದ ಅಂಗಗಳು

ವೀಣೆಯನ್ನು ಬಲ್ಲವರಿಗೆ ಗಿಟಾರಿನ ಅಂಗಗಳು ಅಪರಿಚಿತವಲ್ಲ. ತಂತಿಯ ಒಂದು ತುದಿ ಒಡಲಿನ ಮೇಲಿರುವ ಕುದುರೆಯನ್ನು ಹಾಯ್ದು ಬರುತ್ತದೆ. ಇನ್ನೊಂದು ತುದಿ ದಂಡಿಯ ತಲೆಯ ಬಳಿ ಇರುವ ಮೇರುವಿನ ಗಾಡಿಯಲ್ಲಿ ಕುಳಿತು, ಮುಂದೆ ಬಿರಡೆಗೆ ಸುತ್ತಿಕೊಳ್ಳುತ್ತದೆ. ಗಿಟಾರ್ ನುಡಿಸುವವರು ಮೇರುವನ್ನು ನಟ್ ಎಂದು ಕರೆಯುವರು. ದಂಡಿಯ ಮೇಲೆ ಅಡ್ಡಲಾಗಿ ಲೋಹದ ಮೆಟ್ಟಿಲುಗಳಿರುತ್ತವೆ. ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವರು. ಗಿಟಾರಿನಲ್ಲಿಯಾದರೋ ಅವುಗಳನ್ನು ಮರದ ಸೀಳಿನೊಳಕ್ಕೆ ಹೊಡೆದು ಕೂರಿಸಿರುತ್ತಾರೆ. ವಿದ್ಯುತ್ ಗಿಟಾರಿನ ಕುದುರೆಯಲ್ಲಿ ಸಾಮಾನ್ಯವಾಗಿ ಪ್ರತಿ ತಂತಿಗೂ ಸ್ಯಾಡಲ್ ಎಂಬ ಬೇರೆ ಬೇರೆ ಆಸನವಿರುತ್ತದೆ. ಅನೇಕ ಮಾದರಿಗಳಲ್ಲಿ ಒಂದೊಂದು ಆಸನವನ್ನೂ ಸಣ್ಣ ಸ್ಕ್ರೂಗಳಿಂದ ಪ್ರತ್ಯೇಕವಾಗಿ ಎತ್ತರಿಸಬಹುದು, ತಗ್ಗಿಸಬಹುದು.

ತಂತಿಗಳ ಕೆಳಗೆ ಒಡಲಿನಲ್ಲಿ ಪಿಕಪ್ ಎಂಬ, ತಂತಿಯ ಸುರುಳಿ ಸುತ್ತಿದ ಅಯಸ್ಕಾಂತಗಳಿವೆ. ಉಕ್ಕಿನ ತಂತಿಯು ಅವುಗಳ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗಿ, ಧ್ವನಿವರ್ಧಕದ ಮೂಲಕ ನಾದವಾಗುತ್ತದೆ. ೧೯೩೦ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ವ್ಯವಸ್ಥೆಯು, ಫೆಂಡರ್ ಸಂಸ್ಥೆಯು ೧೯೫೪ರಲ್ಲಿ ಹೊರತಂದ ಸ್ಟ್ರಾಟೋಕಾಸ್ಟರ್ ಮೊದಲಾದ ಗಟ್ಟಿ ಒಡಲಿನ ಮಾದರಿಗಳಿಂದ ಲೋಕಪ್ರಸಿದ್ಧವಾಯಿತು.

೨. ಬಿಗಿತದ ಲೆಕ್ಕ

ತಂತಿಯ ಬಿಗಿತವನ್ನು ಸೊನೊಮೀಟರಿನ ಸೂತ್ರದಿಂದಲೇ ಗಣಿಸಬಹುದು. ಕಂಪಿಸುವ ಉದ್ದದ ವರ್ಗ, ಆವೃತ್ತಿಯ ವರ್ಗ, ಏಕಮಾನ ಉದ್ದದ ದ್ರವ್ಯರಾಶಿ, ಇವುಗಳ ಗುಣಲಬ್ಧದ ನಾಲ್ಕರಷ್ಟೇ ಬಿಗಿತ. ಗಿಟಾರಿನ ಅತ್ಯಂತ ತೆಳುವಾದ ತಂತಿಯನ್ನು ತೆಗೆದುಕೊಳ್ಳೋಣ. ಅದರ ಆವೃತ್ತಿ ಸುಮಾರು ೩೩೦ ಹರ್ಟ್ಸ್. ಸ್ಟ್ರಾಟೋಕಾಸ್ಟರ್ ಮಾದರಿಯಲ್ಲಿ ಕಂಪಿಸುವ ಉದ್ದ ೬೪೮ ಮಿಲಿಮೀಟರ್. ತಂತಿಯ ವ್ಯಾಸ ಒಂದು ಅಂಗುಲದ ಸಾವಿರದ ಹತ್ತು ಭಾಗ, ಎಂದರೆ ಸುಮಾರು ೦.೨೫ ಮಿಲಿಮೀಟರ್ ಆಗಿದ್ದರೆ, ಬಿಗಿತವು ಸುಮಾರು ೭೩ ನ್ಯೂಟನ್ ಆಗುತ್ತದೆ. ಇದು ಏಳೂವರೆ ಕಿಲೋಗ್ರಾಂ ತೂಕವನ್ನು ಸೊನೊಮೀಟರಿನ ತುದಿಗೆ ತೂಗುಬಿಟ್ಟಂತೆ. ವ್ಯಾಸವನ್ನು ಸಾವಿರದ ಒಂಬತ್ತು ಭಾಗಕ್ಕೆ ಇಳಿಸಿದರೆ, ದ್ರವ್ಯರಾಶಿಯು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಅದೇ ಸ್ವರಕ್ಕೆ ಬೇಕಾಗುವ ಬಿಗಿತವು ನೂರಕ್ಕೆ ಎಂಬತ್ತೊಂದರಷ್ಟು, ಅಂದರೆ ಸುಮಾರು ೫೯ ನ್ಯೂಟನ್ ಮಾತ್ರ.

ಅಂಗಡಿಗಳಲ್ಲಿ ದೊರೆಯುವ ತಂತಿಯ ಕಟ್ಟುಗಳನ್ನು ಈ ತೆಳುತಂತಿಯ ವ್ಯಾಸದಿಂದಲೇ ಹತ್ತರ ಕಟ್ಟು, ಒಂಬತ್ತರ ಕಟ್ಟು ಎಂದು ಗುರುತಿಸುವುದು ವಾಡಿಕೆ. ಹತ್ತರ ಕಟ್ಟಿನ ಆರು ತಂತಿಗಳೂ ಶ್ರುತಿಗೆ ಬಂದಾಗ ದಂಡಿಯ ಮೇಲೆ ಬೀಳುವ ಒಟ್ಟು ಸೆಳೆತ ಸುಮಾರು ೪೭ ಕಿಲೋಗ್ರಾಂ ತೂಕದಷ್ಟು. ಒಂಬತ್ತರ ಕಟ್ಟಿನದು ಸುಮಾರು ೩೯. ಬೆರಳಿಗೆ ಹಗುರವಾಗಲೆಂದು ಕಟ್ಟನ್ನು ಬದಲಿಸಿದವನು, ತನಗೆ ಅರಿವಿಲ್ಲದೆಯೇ, ದಂಡಿಯ ಮೇಲಿನಿಂದ ಎಂಟು ಕಿಲೋಗ್ರಾಂ ಭಾರವನ್ನು ಇಳಿಸಿದ್ದಾನೆ. ನಮ್ಮ ವಿದ್ಯಾರ್ಥಿ ಮಾಡಿದ್ದೂ ಇದನ್ನೇ.

ಇದರ ಮೊದಲ ಪರಿಣಾಮ ತಂತಿಯ ಓಲಾಟದ ಮೇಲೆ. ತಂತಿಯ ನಡುಮಧ್ಯವನ್ನು ಒಂದು ನ್ಯೂಟನ್ ಬಲದಿಂದ, ಅಂದರೆ ಸುಮಾರು ನೂರು ಗ್ರಾಂ ತೂಕದಷ್ಟು ಬಲದಿಂದ, ಪಕ್ಕಕ್ಕೆ ಎಳೆದೆವೆನ್ನೋಣ. ಮೇಲೆ ಹೇಳಿದ ಹತ್ತರ ತಂತಿಯು ಸುಮಾರು ೨.೨ ಮಿಲಿಮೀಟರ್ ಸರಿಯುತ್ತದೆ. ಒಂಬತ್ತರದು ಸುಮಾರು ೨.೮ ಮಿಲಿಮೀಟರ್. ಕೈಯ ಬಲ ಒಂದೇ ಆದರೂ ಕಂಪನದ ಪಾರ ಹಿರಿದಾಯಿತು. ಹಿಂದೆ ಮೆಟ್ಟಿಲನ್ನು ಕೂದಲೆಳೆಯಷ್ಟು ಅಂತರದಲ್ಲಿ ದಾಟಿ ಹೋಗುತ್ತಿದ್ದ ತಂತಿಯು ಈಗ ಅದಕ್ಕೆ ಬಡಿಯತೊಡಗುತ್ತದೆ. ಒಂದು ಸೆಕೆಂಡಿಗೆ ನೂರಾರು ಬಾರಿ ಬೀಳುವ ಈ ಪೆಟ್ಟುಗಳೇ ಗರಗರ ಸದ್ದು. ಪ್ರತಿ ಪೆಟ್ಟಿನಲ್ಲೂ ತಂತಿಯ ಆಕಾರ ಒಡೆದು, ಮೂಲಸ್ವರದ ಶಕ್ತಿಯ ಒಂದು ಭಾಗವು ಮೇಲಿನ ಅನುಸ್ವರಗಳಿಗೆ ಹಂಚಿಹೋಗುತ್ತದೆ, ಮತ್ತೊಂದು ಭಾಗವು ಲೋಹ ಲೋಹದ ಘರ್ಷಣೆಯಲ್ಲಿ ನಷ್ಟವಾಗುತ್ತದೆ. ಆದಕಾರಣವೇ ಇಂಥ ಸ್ವರವು ಕರ್ಕಶವೂ ಹೌದು, ಅಲ್ಪಾಯುವೂ ಹೌದು.

೩. ದಂಡಿಯ ಬಾಗು

ಎರಡನೆಯ ಪರಿಣಾಮ ಇದಕ್ಕಿಂತ ಗಹನವಾದದ್ದು. ಗಿಟಾರಿನ ದಂಡಿ ನಮಗೆ ತೋರುವಷ್ಟು ಅಲುಗದ ವಸ್ತುವಲ್ಲ. ತಂತಿಗಳ ಸೆಳೆತಕ್ಕೆ ಅದು ಬಿಲ್ಲಿನಂತೆ ಕಿಂಚಿತ್ತು ಮುಂದಕ್ಕೆ ಬಾಗುತ್ತದೆ. ಈ ಬಾಗನ್ನು ಎದುರಿಸಲು ದಂಡಿಯ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಹುದುಗಿಸಿರುತ್ತಾರೆ. ಅಮೆರಿಕದ ಗಿಬ್ಸನ್ ಸಂಸ್ಥೆಯ ಥ್ಯಾಡಿಯಸ್ ಮೆಕ್‌ಹ್ಯೂ ಎಂಬುವರ ಇಂಥ ರಚನೆಗೆ ೧೯೨೩ರಲ್ಲಿ ಪೇಟೆಂಟು ದೊರೆಯಿತು. ಸರಳಿನ ತುದಿಯ ತಿರುಪನ್ನು ಬಿಗಿ ಮಾಡಿದರೆ ದಂಡಿ ನೆಟ್ಟಗಾಗುತ್ತದೆ, ಸಡಿಲಿಸಿದರೆ ತಂತಿಗಳ ಸೆಳೆತಕ್ಕೆ ಒಳಗಾಗಿ ಬಾಗುತ್ತದೆ.

ದಂಡಿಯು ಪೂರ್ತಿ ನೆಟ್ಟಗಿರುವುದೇ ಒಳ್ಳೆಯದಲ್ಲವೆ ಎಂದು ವಾಚಕರು ಕೇಳಬಹುದು. ಅಲ್ಲ. ಕಂಪಿಸುವ ತಂತಿಯು ಎರಡು ತುದಿಗಳಲ್ಲಿ ನಿಶ್ಚಲವಾಗಿದ್ದು ನಡುವೆ ಉಬ್ಬಿರುತ್ತದೆ. ಆ ಉಬ್ಬಿಗೆ ಎಡೆಯಾಗುವಂತೆ ದಂಡಿಯ ನಡುಭಾಗದಲ್ಲಿ ಅತ್ಯಲ್ಪವಾದ ತಗ್ಗು ಇರಬೇಕು. ಏಳು ಅಥವಾ ಎಂಟನೆಯ ಮೆಟ್ಟಿಲಿನ ಬಳಿ ಈ ತಗ್ಗು ೦.೨ರಿಂದ ೦.೩ ಮಿಲಿಮೀಟರಿನಷ್ಟಿರುವುದು ಸಾಮಾನ್ಯವಾಗಿ ಸಾಕು.

ಈಗ ಎಂಟು ಕಿಲೋಗ್ರಾಂ ಸೆಳೆತ ಕಡಮೆಯಾದರೆ ಏನಾಗುವುದು? ಉಕ್ಕಿನ ಸರಳಿನ ಬಲ ಹಾಗೆಯೇ ಉಳಿದಿದೆ. ಅದನ್ನು ಎದುರಿಸುವ ತಂತಿಗಳ ಬಲ ಕುಗ್ಗಿದೆ. ದಂಡಿಯು ಹಿಂದಕ್ಕೆ ಸರಿದು, ಇದ್ದ ತಗ್ಗೂ ಮಾಯವಾಗುತ್ತದೆ. ಹೀಗೆ ತಂತಿಯ ಓಲಾಟ ಹೆಚ್ಚಿದ ಹೊತ್ತಿನಲ್ಲಿಯೇ ಅದಕ್ಕೆ ಬೇಕಾದ ಎಡೆಯೂ ಕಿರಿದಾಗುತ್ತದೆ.

ಸ್ಟ್ರಾಟೋಕಾಸ್ಟರ್ ಮಾದರಿಯ ಅನೇಕ ವಾದ್ಯಗಳಲ್ಲಿ ಮೂರನೆಯದೊಂದು ಪರಿಣಾಮವೂ ಉಂಟು. ಇವುಗಳಲ್ಲಿ ಕುದುರೆಯು ಒಡಲಿಗೆ ಬಿಗಿಯಾಗಿ ಅಂಟಿಕೊಂಡಿರದೆ, ತೂಗುತಕ್ಕಡಿಯಂತೆ ಸಮತೋಲದಲ್ಲಿ ನಿಂತಿರುತ್ತದೆ. ಒಂದು ಕಡೆಯಿಂದ ತಂತಿಗಳು ಎಳೆದರೆ, ಇನ್ನೊಂದು ಕಡೆಯಿಂದ ಒಡಲಿನ ಹಿಂಬದಿಯ ಪೊಟರೆಯಲ್ಲಿರುವ ಸ್ಪ್ರಿಂಗುಗಳು ಎಳೆಯುತ್ತವೆ. ತಂತಿಗಳ ಬಲ ತಗ್ಗಿದಾಗ ಸ್ಪ್ರಿಂಗುಗಳ ಕೈ ಮೇಲಾಗಿ, ಕುದುರೆಯು ಹಿಂದಕ್ಕೆ ವಾಲಿ ಒಡಲಿನತ್ತ ಕುಸಿಯುತ್ತದೆ. ಅದರೊಡನೆ ಎಲ್ಲ ತಂತಿಗಳೂ ಮೆಟ್ಟಿಲುಗಳಿಗೆ ಸಮೀಪವಾಗುತ್ತವೆ.

೪. ದೋಷದ ನೆಲೆಯನ್ನು ಅರಿಯುವುದು

ವೈದ್ಯನು ಔಷಧಕ್ಕೆ ಮುನ್ನ ನಾಡಿಯನ್ನು ನೋಡುವಂತೆ, ಯಾವ ತಿರುಪನ್ನೂ ಮುಟ್ಟುವ ಮೊದಲು ಸದ್ದು ಎಲ್ಲಿ ಏಳುತ್ತಿದೆ ಎಂಬುದನ್ನು ಕಂಡುಕೊಳ್ಳಬೇಕು.

ಮೊದಲು ವಾದ್ಯದಿಂದ ಧ್ವನಿವರ್ಧಕದ ಸಂಪರ್ಕವನ್ನು ತೆಗೆದು ನುಡಿಸಿ ನೋಡಬೇಕು. ಆಗ ಸದ್ದು ನಿಂತರೆ ದೋಷವು ತಂತಿಯದಲ್ಲ, ವಿದ್ಯುತ್ ಸಂಪರ್ಕದ್ದು. ತಂತಿಯನ್ನು ಮುಟ್ಟದಿದ್ದರೂ ಕೇಳಿಬರುವ ಗುಂಯ್‌ಗುಟ್ಟುವಿಕೆ ಬಹುಮಟ್ಟಿಗೆ ಈ ಜಾತಿಯದು. ಅದರ ವಿಚಾರ ಇಲ್ಲಿ ಬೇಡ. ಇದಕ್ಕೆ ವಿರುದ್ಧವಾಗಿ, ಕಿವಿಯನ್ನು ವಾದ್ಯದ ಹತ್ತಿರ ತಂದಾಗ ಮಾತ್ರ ಅಲ್ಪವಾಗಿ ಕೇಳಿಸಿ ಧ್ವನಿವರ್ಧಕದಲ್ಲಿ ಕೇಳಿಸದೆ ಹೋಗುವ ಸದ್ದನ್ನು ನುರಿತ ವಾದಕರು ದೋಷವೆಂದು ಎಣಿಸುವುದೇ ಇಲ್ಲ.

ಎರಡನೆಯದಾಗಿ, ತಂತಿಗಳು ಸರಿಯಾಗಿ ಕುಳಿತಿವೆಯೆ ಎಂದು ನೋಡಬೇಕು. ತಂತಿಯ ತುದಿಯ ಗುಂಡು ತನ್ನ ನೆಲೆಯಲ್ಲಿ ಕೂರದಿದ್ದರೆ, ತಂತಿ ಸ್ಯಾಡಲಿನ ಗಾಡಿಯಿಂದ ಹೊರಬಿದ್ದಿದ್ದರೆ, ಸ್ಯಾಡಲಿನ ಸಣ್ಣ ಸ್ಕ್ರೂ ಸಡಿಲವಾಗಿದ್ದರೆ, ಅಲ್ಲಿಯೇ ಸದ್ದು ಹುಟ್ಟಬಹುದು. ಬಿರಡೆಯ ಮೇಲೆ ಸುತ್ತು ಕಡಮೆಯಾಗಿ ತಂತಿಯು ಮೇರುವನ್ನು ಒತ್ತದೆ ಹಾಯ್ದಿದ್ದರೂ ಹೀಗಾಗುವುದು. ತಂತಿಯನ್ನು ಎರಡು ಮೂರು ಸುತ್ತು, ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಸುತ್ತಿದರೆ ಅದು ಮೇರುವಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಹೊಸ ತಂತಿಗಳ ವ್ಯಾಸವು ಹಳೆಯವುಗಳಷ್ಟೇ ಇದ್ದು, ಶ್ರುತಿಯೂ ಅದೇ ಆಗಿದ್ದಲ್ಲಿ ದಂಡಿಯ ಮೇಲಿನ ಸೆಳೆತ ಬದಲಾಗಿರುವುದಿಲ್ಲ. ಅಂಥಲ್ಲಿ ಕಾರಣವು ಈ ಸಣ್ಣಪುಟ್ಟ ಸಂಗತಿಗಳಲ್ಲಿಯೇ ಸಿಕ್ಕುವ ಸಂಭವ ಹೆಚ್ಚು.

ಇವೆಲ್ಲ ಸರಿಯಿದ್ದರೆ, ತಂತಿಗಳನ್ನು ನಿಯತ ಶ್ರುತಿಗೆ ತಂದು, ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನಲ್ಲಿ ಒತ್ತಿ ಮೀಟುತ್ತ ಹೋಗಬೇಕು. ಬಿಡಿ ತಂತಿಯಲ್ಲಿ ಮಾತ್ರ ಸದ್ದಿದ್ದು, ಮೊದಲನೆಯ ಮೆಟ್ಟಿಲನ್ನು ಒತ್ತಿದೊಡನೆ ಮರೆಯಾದರೆ ದೋಷವು ಮೇರುವಿನ ಗಾಡಿಯಲ್ಲಿದೆ: ಗಾಡಿ ಸವೆದು ಆಳವಾಗಿದೆ, ಇಲ್ಲವೆ ತೆಳುವಾದ ಹೊಸ ತಂತಿಗೆ ಅಗಲವಾಗಿದೆ. ಮೊದಲ ನಾಲ್ಕೈದು ಮೆಟ್ಟಿಲುಗಳಲ್ಲಿ ಸದ್ದಿದ್ದು ಮೇಲೆ ಹೋದಂತೆ ಶುದ್ಧವಾದರೆ ದಂಡಿಯು ಅತಿಯಾಗಿ ನೆಟ್ಟಗಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಹನ್ನೆರಡನೆಯ ಮೆಟ್ಟಿಲಿನಿಂದ ಆಚೆಗೆ ಸದ್ದು ಹೆಚ್ಚಿದರೆ ಸ್ಯಾಡಲುಗಳು ತಗ್ಗಿವೆ, ಅಥವಾ ದಂಡಿಯ ಬಾಗು ಮಿತಿಮೀರಿದೆ. ಎಲ್ಲೆಡೆಯೂ ಒಂದೇ ಸಮನಾಗಿದ್ದರೆ ತಂತಿಗಳ ಎತ್ತರವೇ ಸಾಲದು. ಒಂದೇ ಒಂದು ಎಡೆಯಲ್ಲಿ ಮಾತ್ರ ಸದ್ದಿದ್ದರೆ, ಆಗ ಮಾತ್ರ ಮುಂದಿನ ಮೆಟ್ಟಿಲು ಎದ್ದಿದೆಯೆಂದೋ ಒತ್ತಿದ ಮೆಟ್ಟಿಲು ಸವೆದಿದೆಯೆಂದೋ ಶಂಕಿಸಬೇಕು.

ದಂಡಿಯ ತಗ್ಗನ್ನು ಅಳೆಯುವುದೂ ಕಷ್ಟವಲ್ಲ. ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲಿಯೂ ದಂಡಿ ಒಡಲನ್ನು ಸೇರುವ ಕಡೆಯ ಮೆಟ್ಟಿಲಿನಲ್ಲಿಯೂ ಒತ್ತಿ ಹಿಡಿದರೆ, ನಡುವೆ ಅದು ಸರಳರೇಖೆಯ ಅಳತೆಗೋಲಾಗುತ್ತದೆ. ಎಂಟನೆಯ ಮೆಟ್ಟಿಲಿಗೂ ತಂತಿಗೂ ನಡುವಣ ಸಂದನ್ನು ನೋಡಿದರಾಯಿತು. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ: ಹಳೆಯ ಹತ್ತರ ಕಟ್ಟಿನಿಂದ ಕಳಚಿದ ತೆಳುತಂತಿಯ ವ್ಯಾಸವೇ ೦.೨೫ ಮಿಲಿಮೀಟರ್. ಅದರ ತುಂಡೊಂದು ಆ ಸಂದಿನಲ್ಲಿ ತಂತಿಯನ್ನು ಎತ್ತದೆ ಹಿತವಾಗಿ ನುಸುಳಿದರೆ ತಗ್ಗು ಸರಿಯಿದೆ ಎಂದು ತಿಳಿಯಬಹುದು.

೫. ಪರಿಹಾರದ ಕ್ರಮ

ಪರಿಹಾರಗಳಿಗೆ ಒಂದು ಕ್ರಮವಿದೆ. ಅದನ್ನು ಮೀರಿದರೆ ಒಂದನ್ನು ಸರಿಪಡಿಸುವಾಗ ಇನ್ನೊಂದು ಕೆಡುತ್ತದೆ. ತೂಗುವ ಕುದುರೆಯಿದ್ದಲ್ಲಿ ಮೊದಲು ಅದರ ಸಮತೋಲವನ್ನು ಸರಿಪಡಿಸಬೇಕು. ಹಿಂಬದಿಯ ಪೊಟರೆಯಲ್ಲಿ ಸ್ಪ್ರಿಂಗುಗಳನ್ನು ಹಿಡಿದಿರುವ ಲೋಹದ ಪಟ್ಟಿಯ ಎರಡು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, ಪ್ರತಿ ಸಲವೂ ಮರಳಿ ಶ್ರುತಿ ಮಾಡುತ್ತ, ಕುದುರೆಯು ಹಿಂದಿನ ನೆಲೆಗೆ ಏರುವವರೆಗೆ ಮುಂದುವರಿಸಬೇಕು.

ಆಮೇಲೆ ದಂಡಿ. ತಗ್ಗು ಸಾಲದಿದ್ದರೆ ಟ್ರಸ್ ರಾಡಿನ ತಿರುಪನ್ನು ಅಪ್ರದಕ್ಷಿಣವಾಗಿ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಾಗಬಾರದು. ತಿರುಪಿಗೆ ಸರಿಹೊಂದುವ ಕೀಲಿಯನ್ನೇ ಬಳಸಬೇಕು. ತಿರುಪು ಹಟ ಹಿಡಿದರೆ ಬಲಪ್ರಯೋಗ ಸಲ್ಲದು, ಅದನ್ನು ಬಲ್ಲವರಿಗೆ ಒಪ್ಪಿಸುವುದೇ ಲೇಸು. ಮರವು ಹೊಸ ಬಲಗಳಿಗೆ ಹೊಂದಿಕೊಳ್ಳಲು ಕಾಲ ಬೇಕಾಗುವುದರಿಂದ, ಶ್ರುತಿ ಮಾಡಿದ ವಾದ್ಯವನ್ನು ಒಂದು ರಾತ್ರಿ ಬಿಟ್ಟು ಮರುದಿನ ಮತ್ತೆ ಅಳೆಯುವುದು ಒಳ್ಳೆಯದು.

ಕೊನೆಗೆ ಸ್ಯಾಡಲುಗಳ ಎತ್ತರ. ಇಲ್ಲಿ ಸರಳವಾದ ರೇಖಾಗಣಿತವೊಂದನ್ನು ನೆನೆಯಬೇಕು. ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿಮಧ್ಯದಲ್ಲಿರುವುದರಿಂದ, ಸ್ಯಾಡಲನ್ನು ೦.೨ ಮಿಲಿಮೀಟರ್ ಎತ್ತಿದರೆ ಅಲ್ಲಿ ತಂತಿ ಏರುವುದು ೦.೧ ಮಿಲಿಮೀಟರ್ ಮಾತ್ರ. ಹದಿನೇಳನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ಸುಮಾರು ೧.೬ ಮಿಲಿಮೀಟರಿನಷ್ಟಿರುವುದು ಅನೇಕ ವಾದ್ಯಗಳಿಗೆ ಒಪ್ಪುವ ಅಳತೆ. ಮೀಟುವ ಕೈ ಬಿರುಸಾಗಿದ್ದರೆ ಇನ್ನೂ ಸ್ವಲ್ಪ ಬೇಕಾದೀತು. ಎತ್ತರ ಬದಲಿಸಿದ ಬಳಿಕ, ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಬೆರಳಿನಿಂದ ಸೋಕಿ ಹುಟ್ಟಿಸಿದ ಅನುಸ್ವರಕ್ಕೂ ಅಲ್ಲಿಯೇ ಒತ್ತಿ ನುಡಿಸಿದ ಸ್ವರಕ್ಕೂ ಶ್ರುತಿ ಕೂಡುತ್ತದೆಯೆ ಎಂದು ಪರೀಕ್ಷಿಸಬೇಕು. ಪಿಕಪ್ಪುಗಳು ತಂತಿಗಳಿಗೆ ತೀರ ಸಮೀಪವಾಗಿದ್ದರೆ ಅಯಸ್ಕಾಂತದ ಸೆಳೆತವೇ ತಂತಿಯ ಚಲನೆಯನ್ನು ಕೆಡಿಸುವುದುಂಟು. ಅವನ್ನು ಕೊಂಚ ತಗ್ಗಿಸಿ ನೋಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದೇ ಎಡೆಯಲ್ಲಿ ಸದ್ದು ಉಳಿದರೆ, ಆಗ ಅರದ ಮಾತು. ಅದೂ ನುರಿತ ಕುಶಲಿಯ ಕೈಯಲ್ಲಿ.

೬. ದೋಷವೇ ಗುಣವಾಗುವ ವಾದ್ಯ

ಗಿಟಾರಿನಲ್ಲಿ ನಾವು ಇಷ್ಟು ಶ್ರಮದಿಂದ ನಿವಾರಿಸುವ ಈ ಸೋಕುವಿಕೆಯನ್ನೇ ನಮ್ಮ ತಂಬೂರಿಯಲ್ಲಿ ಅಷ್ಟೇ ಶ್ರಮದಿಂದ ಬರಿಸಿಕೊಳ್ಳುತ್ತೇವೆ. ತಂಬೂರಿಯ ಕುದುರೆ ಚೂಪಾದ ಅಂಚಲ್ಲ. ಅಗಲವಾಗಿ, ನವಿರಾಗಿ ಉಬ್ಬಿದ ಹಲಗೆ. ತಂತಿಗೂ ಅದಕ್ಕೂ ನಡುವೆ ದಾರದ ಎಳೆಯೊಂದನ್ನು ಸೇರಿಸಿ, ಹಿಂದಕ್ಕೂ ಮುಂದಕ್ಕೂ ಸರಿಸುತ್ತ, ತಂತಿಯು ಕುದುರೆಯನ್ನು ಹದವಾಗಿ ಸವರುವ ನೆಲೆಯನ್ನು ಗಾಯಕರು ಹುಡುಕುವರು. ಆ ನೆಲೆ ಸಿಕ್ಕೊಡನೆ ನಾದವು ತುಂಬಿ ಝೇಂಕರಿಸುತ್ತದೆ. ಅದನ್ನು ಜೀವಾಳಿ ಎನ್ನುವುದು ಎಷ್ಟು ಸಾರ್ಥಕ!

ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುವೆವೋ ಅಲ್ಲಿ ನಿಸ್ಪಂದವುಳ್ಳ ಅನುಸ್ವರಗಳು ಹುಟ್ಟುವುದಿಲ್ಲವೆಂದು ಥಾಮಸ್ ಯಂಗ್ ಅವರ ನಿಯಮ ಹೇಳುತ್ತದೆ. ಆಗ ಕಲ್ಕತ್ತೆಯಲ್ಲಿದ್ದ, ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಸಿ. ವಿ. ರಾಮನ್ ಅವರು, ತಂಬೂರಿ ಮತ್ತು ವೀಣೆಗಳಲ್ಲಿ ಈ ನಿಯಮ ಸಲ್ಲದೆ, ಇರಬಾರದ ಅನುಸ್ವರಗಳೂ ಬಲವಾಗಿ ಕೇಳಿಬರುವುದನ್ನು ೧೯೨೧ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಆ ವಾದ್ಯಗಳ ಬಾಗಿದ ಕುದುರೆಯೇ ಕಾರಣ. ಗಿಟಾರಿನ ಗರಗರಕ್ಕೂ ತಂಬೂರಿಯ ಝೇಂಕಾರಕ್ಕೂ ಮೂಲತತ್ತ್ವ ಒಂದೇ: ಓಲಾಡುವ ತಂತಿಯನ್ನು ಒಂದು ಅಡ್ಡಿ ಸೋಕುವುದು. ಒಂದರಲ್ಲಿ ಅದು ಮೆಟ್ಟಿಲಿನ ಮೇಲಿನ ಒರಟು ಪೆಟ್ಟು, ಇನ್ನೊಂದರಲ್ಲಿ ಅಳತೆಯರಿತ ಸವರುವಿಕೆ.

ನಮ್ಮ ವಿದ್ಯಾರ್ಥಿಯ ಗಿಟಾರಿಗೆ ಬೇಕಾದದ್ದು ಕುದುರೆಯ ಸ್ಪ್ರಿಂಗುಗಳ ಸಡಿಲಿಕೆ, ಟ್ರಸ್ ರಾಡಿನ ಕಾಲು ಸುತ್ತು, ಮತ್ತು ಒಂದು ರಾತ್ರಿಯ ವಿಶ್ರಾಂತಿ. ಮರುದಿನ ಸದ್ದು ಅಡಗಿತ್ತು; ಅರವು ಕಾಗದದ ಸುತ್ತಿನಲ್ಲಿಯೇ ಉಳಿಯಿತು. ಅವನು ಲೆಕ್ಕಗಳನ್ನೆಲ್ಲ ತಾನೇ ಮಾಡಿ, ದಂಡಿಯ ತಗ್ಗನ್ನು ತಾನೇ ಅಳೆದನೆಂಬುದು ನಮಗೆ ಹೆಚ್ಚು ಸಂತೋಷವನ್ನುಂಟುಮಾಡಿತು. ನಮ್ಮ ಅಧ್ಯಾಪಕ ಮಿತ್ರರು ಸೊನೊಮೀಟರಿನ ಪ್ರಯೋಗ ಮುಗಿದ ದಿನ, ವಿದ್ಯಾರ್ಥಿಗಳಲ್ಲಿ ಯಾರಾದರೂ ನುಡಿಸುವ ಗಿಟಾರನ್ನೋ ಮನೆಯ ವೀಣೆಯನ್ನೋ ತಂಬೂರಿಯನ್ನೋ ತರಿಸಿ, ಅದರ ತಂತಿಗಳ ಬಿಗಿತವನ್ನು ತರಗತಿಯಲ್ಲಿ ಲೆಕ್ಕ ಹಾಕಿಸಬೇಕೆಂದು ನಾವು ವಿನಂತಿಸುತ್ತೇವೆ. ಇದಕ್ಕೆ ಬೇಕಾಗುವುದು ಒಂದು ಅಳತೆಪಟ್ಟಿ, ಒಂದು ಸ್ಕ್ರೂ ಗೇಜು, ಒಂದು ಗಂಟೆಯ ಕಾಲ.